ತೊಂಬತ್ತೇಳನೆಯ ಸಂದರ್ಶನ

ಮೊದಲ ಶನಿವಾರ ಅವಳು ತರಗತಿಗೆ ಹದಿನೈದು ನಿಮಿಷ ಮುಂಚೆಯೇ ಬಂದಳು. ಉತ್ಸಾಹದಿಂದಲ್ಲ. ಪಿಎಚ್‌ಡಿ ಗೈಡ್ ಕಣ್ಣಿಗೆ ಬೀಳುವ ಮೊದಲು ಲ್ಯಾಬಿನಿಂದ ಹೊರಬೀಳಬೇಕಿತ್ತು, ಅಷ್ಟೆ.

ಖಾಲಿ ಕೋಣೆಯಲ್ಲಿ ಒಬ್ಬನೇ ಒಬ್ಬ ಇದ್ದ. ಕುರ್ಚಿಯ ಮೇಲೆ ನಿಂತು, ಗೋಡೆಯ ಏಸಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿಕೊಂಡಿದ್ದ. ಏಸಿ ಗರಗರ ಎನ್ನುತ್ತಿತ್ತು. ಅವನ ಅಂಗಿಯ ಜೇಬಿನಲ್ಲಿ ಸ್ಕ್ರೂಡ್ರೈವರ್ ಇತ್ತು.

"ಎಷ್ಟು ಹೊತ್ತು ಹಿಡಿಯತ್ತೆ?" ಎಂದು ಕೇಳಿದಳು.

"ಯಾವುದು?"

"ರಿಪೇರಿ."

"ಇದು ರಿಪೇರಿ ಆಗಲ್ಲ. ಬೇರಿಂಗ್ ಹೋಗಿದೆ. ಇನ್ನೊಂದು ತಿಂಗಳು ಹೀಗೇ ಅಳತ್ತೆ, ಆಮೇಲೆ ತಾನೇ ಸುಮ್ಮನಾಗತ್ತೆ."

"ಹಾಗಾದ್ರೆ ಮೂರನೇ ಮಹಡಿಯಲ್ಲಿ ನಮ್ಮ ಲ್ಯಾಬಿಂದೂ ಒಂದು ನೋಡಿ ಹೋಗಿ. ಕಂಪ್ಲೇಂಟ್ ಕೊಟ್ಟು ನಾಲ್ಕು ವಾರ ಆಯ್ತು. ನೀವು ಯಾರೂ ತಿರುಗಿ ನೋಡಿಲ್ಲ."

ಅವನು ಕೆಳಗಿಳಿದ. ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿ, ಅದೇ ಕುರ್ಚಿಯ ಮೇಲೆ ಕೂತು, ಚೀಲದಿಂದ ನೋಟ್‌ಬುಕ್ ತೆಗೆದ. ಮೊದಲ ಪುಟದಲ್ಲಿ ತಾರೀಖು ಬರೆದು ಅಡಿಗೆರೆ ಎಳೆದ. ಆಮೇಲೆ ನಿಧಾನವಾಗಿ ತಲೆ ಎತ್ತಿ ಅವಳ ಮುಖ ನೋಡಿದ.

"ಕ್ಲಾಸ್ ಮುಗಿದ ಮೇಲೆ ಬರ್ತೀನಿ, ಆಗಬಹುದಾ?"

ಅವಳಿಗೆ ಕಿವಿ ಬಿಸಿಯಾಯಿತು. ಕ್ಷಮೆ ಕೇಳಬೇಕೆನ್ನುವಷ್ಟರಲ್ಲಿ ಉಳಿದವರು ಬಂದು ತುಂಬಿಕೊಂಡರು. ಆದರೆ ಮಧ್ಯಾಹ್ನ ಅವನು ನಿಜವಾಗಿಯೂ ಮೂರನೇ ಮಹಡಿಗೆ ಬಂದ. ಸ್ಕ್ರೂಡ್ರೈವರಿನ ತುದಿಯನ್ನು ಮೆಷಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು ಎರಡು ನಿಮಿಷ ಆಲಿಸಿ, ಒಂದು ಸಡಿಲ ಸ್ಕ್ರೂ ಬಿಗಿದು ಹೋದ. ನಾಲ್ಕು ವಾರದ ಸದ್ದು ನಿಂತಿತು.

ಅದು ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ವಿದ್ಯಾರ್ಥಿಗಳಿಗೆ ಉದ್ಯಮ ಶುರುಮಾಡುವುದನ್ನು ಕಲಿಸುವ ಹತ್ತು ಶನಿವಾರಗಳ ತರಬೇತಿ. ಇಪ್ಪತ್ತು ಜನ ಸೇರಿದ್ದರು. ಅರ್ಧ ಜನರನ್ನು ಅವರವರ ಗೈಡ್‌ಗಳೇ ದಬ್ಬಿದ್ದರು. ಕಲಿಸುವವರು ಮೂವತ್ತು ವರ್ಷ ಪಂಪಿನ ಕಾರ್ಖಾನೆ ನಡೆಸಿ, ಈಗ ಅದನ್ನು ಮಗಳಿಗೆ ಒಪ್ಪಿಸಿ ಬಂದ ಹೆಂಗಸು. ಕತ್ತರಿಸಿದ ಬಿಳಿ ಕೂದಲು, ಗಟ್ಟಿ ದನಿ. ಮೊದಲ ದಿನವೇ ಅವರಿಗೆ ಪಂಪ್ ಮೇಡಂ ಎಂದು ಹೆಸರು ಬಿತ್ತು.

"ನಿಮ್ಮಲ್ಲಿ ಒಬ್ಬರಿಗೂ ಮಾತಾಡೋಕೆ ಬರಲ್ಲ," ಎಂದರು ಪಂಪ್ ಮೇಡಂ. "ವಿವರಿಸೋಕೆ ಬರತ್ತೆ. ಅದು ಬೇರೆ. ವಿಜ್ಞಾನದವರು ಒಬ್ಬರು, ಎಂಜಿನಿಯರಿಂಗ್‌ನವರು ಒಬ್ಬರು ಸೇರಿ ತಂಡ ಮಾಡ್ಕೊಳ್ಳಿ. ಒಂದು ತಂಡಕ್ಕೆ ಒಂದೇ ಐಡಿಯಾ. ಹತ್ತು ವಾರದಲ್ಲಿ ನೂರು ಜನರನ್ನ ಭೇಟಿ ಮಾಡ್ಬೇಕು. ನಿಮ್ಮ ಪ್ರಾಡಕ್ಟ್ ಬಗ್ಗೆ ಬಾಯಿ ಬಿಡಬಾರದು. ಅವರ ಕೆಲಸ ಏನು, ದಿನಾ ಎಲ್ಲಿ ಒದ್ದಾಡ್ತಾರೆ, ಅದನ್ನ ಮಾತ್ರ ಕೇಳಿ. ನೂರಕ್ಕೆ ಒಂದು ಕಡಿಮೆಯಾದ್ರೂ ಕೊನೇ ದಿನ ಸ್ಪರ್ಧೆಯಲ್ಲಿ ಜಾಗ ಇಲ್ಲ."

ತಂಡಗಳಾದವು. ಕೊನೆಗೆ ಉಳಿದವರು ಇವರಿಬ್ಬರೇ.

ಅವಳದು ಪಿಎಚ್‌ಡಿಯ ಆರನೆಯ ವರ್ಷ. ಲ್ಯಾಬಿನ ಚಿಕ್ಕವರು ಅವಳನ್ನು ಅಜ್ಜಿ ಎನ್ನುತ್ತಿದ್ದರು. ಆರು ವರ್ಷದಿಂದ ಅವಳು ಮಾಡುತ್ತಿದ್ದುದು ಹೆಬ್ಬೆರಳ ಉಗುರಿನಷ್ಟು ಅಗಲದ ಒಂದು ಅಂಟುಚೀಟಿ. ತಣ್ಣಗಿರಬೇಕಾದ ಸರಕಿನ ಪೆಟ್ಟಿಗೆಗೆ ಅಂಟಿಸಿದರೆ ನೀಲಿಯಾಗಿ ಕೂತಿರುತ್ತದೆ. ದಾರಿಯಲ್ಲಿ ಎಲ್ಲಾದರೂ ಪೆಟ್ಟಿಗೆ ಬೆಚ್ಚಗಾದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಮತ್ತೆ ತಣ್ಣಗಾದರೂ ನೀಲಿಗೆ ಮರಳುವುದಿಲ್ಲ. ಅವಳ ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ಒಮ್ಮೆ ಫ್ರಿಜ್ ನಿಂತಿತ್ತೇನೋ ಎಂಬ ಬರೀ ಅನುಮಾನಕ್ಕೆ ಇಡೀ ಒಂದು ಕಪಾಟಿನ ಔಷಧಿ ಚೆಲ್ಲಿ ಬಂದು, ಊಟ ಬಿಟ್ಟು ಕೂತಿದ್ದಳು. ಆವತ್ತು ಹುಟ್ಟಿದ ಯೋಚನೆ ಅದು.

ಅವನದು ಮೆಕ್ಯಾನಿಕಲ್, ಐದನೆಯ ವರ್ಷ. ಮೆಷಿನ್ನಿನೊಳಗಿನ ಬೇರಿಂಗ್ ಕೆಡುವ ಮುಂಚೆ ಎಂಥ ಸದ್ದು ಮಾಡುತ್ತದೆ ಎಂಬುದೇ ಅವನ ಸಂಶೋಧನೆ. ಹಾಸ್ಟೆಲಿನಲ್ಲಿ ಎಲ್ಲರೂ ಅವನನ್ನು ಬೇರಿಂಗ್ ಎಂದೇ ಕರೆಯುತ್ತಿದ್ದರು. ಮರೆತು ಅವನ ಗೈಡ್ ಕೂಡ ಒಮ್ಮೊಮ್ಮೆ.

"ಯಾರ ಐಡಿಯಾ ಇಟ್ಕೊಳ್ಳೋಣ?" ಎಂದು ಅವಳು ಕೇಳಿದಾಗ ಅವನು ತಕ್ಷಣ, "ನಿಮ್ಮದು," ಎಂದ.

"ಯಾಕೆ?"

"ನನ್ನದು ಕಾಯತ್ತೆ. ನೀವು ಕಾಯೋ ಹಾಗೆ ಕಾಣಲ್ಲ."

ಹಾಗೆ ಶುರುವಾಯಿತು ಅಲೆದಾಟ. ಬೆಳಗ್ಗೆ ಅವನು ಚಿಕ್ಕ ತರಗತಿಯವರಿಗೆ ಲ್ಯಾಬ್ ಕಲಿಸಬೇಕಿತ್ತು. ಅವಳು ಗೈಡ್‌ಗೆ ಮುಖ ತೋರಿಸಬೇಕಿತ್ತು. ಹನ್ನೊಂದರ ಹೊತ್ತಿಗೆ ಇಬ್ಬರೂ ಕಾಲೇಜಿನ ಹಿಂದಿನ ಗೇಟಿನಲ್ಲಿ ಸೇರಿ ಬಸ್ಸು ಹತ್ತುತ್ತಿದ್ದರು. ಮೀನಿನ ಡಿಪೋ, ಐಸ್‌ಕ್ರೀಂ ವಿತರಕ, ಔಷಧಿ ಗೋದಾಮು, ಹೂವು ಶೇಖರಿಸುವ ಶೀತಲ ಕೋಣೆ, ಸಾವಿರ ಜನಕ್ಕೆ ಅಡುಗೆ ಮಾಡುವ ಕ್ಯಾಂಟೀನು. ಎಲ್ಲ ಕಡೆಯೂ ಮೊದಲು ಕೇಳುವ ಪ್ರಶ್ನೆ ಒಂದೇ: "ನೀವು ಏನು ಮಾರೋಕೆ ಬಂದಿದೀರ?"

"ಏನೂ ಇಲ್ಲ," ಎನ್ನುತ್ತಿದ್ದ ಅವನು. "ನೀವು ಏನು ಮಾಡ್ತೀರ ಅಂತ ಕೇಳೋಕೆ ಬಂದಿದೀವಿ."

ಯಾರೂ ನಂಬುತ್ತಿರಲಿಲ್ಲ. ಆದರೆ ಐದು ನಿಮಿಷದಲ್ಲಿ ಅದೇ ಜನ ಕುರ್ಚಿ ಎಳೆದುಕೊಟ್ಟು, ಚಹಾ ತರಿಸಿ, ತಮ್ಮ ಸೊಂಟ ನೋವಿನ ತನಕ ಹೇಳಿಕೊಳ್ಳುತ್ತಿದ್ದರು. ಅವನು ಕೇಳುವ ರೀತಿಯೇ ಹಾಗಿತ್ತು. ಮಾತಾಡುವಾಗ ಎದುರಿನವರ ಮುಖಕ್ಕೆ ಸರಿಯಾಗಿ ತಿರುಗಿ, ಒಂದೊಂದು ಪದವನ್ನೂ ತುಟಿಯ ಮೇಲೆ ಇಟ್ಟು ತೋರಿಸುವವನಂತೆ ಮಾತಾಡುತ್ತಿದ್ದ. ನಡುವೆ ಅತ್ತಿತ್ತ ನೋಡುತ್ತಿರಲಿಲ್ಲ.

ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿದ್ದರೂ ಅವನು ಹಾಗೇ ಪೂರ್ತಿ ತಿರುಗಿ ಮಾತಾಡುತ್ತಿದ್ದುದು ಅವಳಿಗೆ ಕಸಿವಿಸಿ ತರುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟಳು.

"ನನ್ನ ಮುಖಕ್ಕೆ ಏನಾದ್ರೂ ಅಂಟಿದೆಯಾ?"

"ಇಲ್ವಲ್ಲ."

"ಮತ್ತೆ ಹಾಗ್ಯಾಕೆ ನೋಡ್ತೀರ?"

"ಅಪ್ಪ ಕಾರ್ಖಾನೇಲಿ ಲೇತ್ ಮೆಷಿನ್ ಆಪರೇಟರ್ ಆಗಿದ್ರು. ಮೂವತ್ತೆಂಟು ವರ್ಷ ಆ ಸದ್ದಿನಲ್ಲೇ ಇದ್ದು ಕಿವಿ ಹೋಯ್ತು. ತುಟಿ ನೋಡಿ ಅರ್ಥ ಮಾಡ್ಕೋತಾರೆ. ಮನೇಲಿ ಮುಖ ತಿರುಗಿಸಿ ಮಾತಾಡಿದ್ರೆ ಮಾತಾಡದ ಹಾಗೆಯೇ. ಅಭ್ಯಾಸ ಆಗಿಬಿಟ್ಟಿದೆ. ನಿಮಗೆ ಮುಜುಗರ ಆದ್ರೆ ಕಿಟಕಿ ನೋಡಿ ಮಾತಾಡ್ತೀನಿ."

"ಬೇಡ," ಎಂದಳು ಅವಳು. ಉತ್ತರ ತುಸು ಬೇಗನೆ ಬಂತು ಅನಿಸಿ, ತಾನೇ ಕಿಟಕಿಯ ಕಡೆ ತಿರುಗಿಕೊಂಡಳು. ಗಾಜಿನಲ್ಲಿ ಅವನು ಇನ್ನೂ ಇತ್ತಲೇ ನೋಡುತ್ತಿರುವುದು ಕಾಣುತ್ತಿತ್ತು.

ಮೂವತ್ತನಾಲ್ಕನೆಯವರು ಒಂದು ದೊಡ್ಡ ಶೀತಲಗೃಹದ ಮ್ಯಾನೇಜರ್. ಒಳಗೆ ಉಸಿರು ಹೊಗೆಯಾಗುವಷ್ಟು ಚಳಿ. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಸಂದಿನಿಂದ ಗಾಳಿ ಬರುವ ಕಡೆ ಅವನು ಹೋಗಿ ನಿಂತು, ಬೆನ್ನಿನಿಂದ ಅದನ್ನು ತಡೆದ. ಯಾರಿಗೂ ಕಾಣಲೆಂದು ಮಾಡಿದ್ದಲ್ಲ. ಅವಳಿಗೆ ಕಂಡಿತು.

ಅಲ್ಲಿ ಅವಳು ನಿಯಮ ಮುರಿದಳು. ಮ್ಯಾನೇಜರ್ ಒಳ್ಳೆಯ ಮನುಷ್ಯರಂತೆ ಕಂಡರು. ಚೀಲದಿಂದ ಚೀಟಿ ತೆಗೆದು ತೋರಿಸಿಬಿಟ್ಟಳು.

ಅವರು ಅದನ್ನು ಬೆರಳ ತುದಿಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದರು. "ತುಂಬಾ ಚೆನ್ನಾಗಿದೆಯಮ್ಮ. ಕರೆಂಟ್ ಹೋಗಿ, ಜನರೇಟರ್ ಹತ್ತೋದು ಇಪ್ಪತ್ತು ನಿಮಿಷ ತಡ ಆಯ್ತು ಅಂದ್ಕೊಳ್ಳಿ. ಇದು ಕಂದಾಗತ್ತೆ ಅಲ್ವಾ?"

"ಆಗತ್ತೆ ಸರ್."

"ಸರಕು ಕೊಂಡವರು ಇದನ್ನ ನೋಡ್ತಾರೆ. ಅಂದ್ರೆ ಇದು ನನ್ನ ಮೇಲೇ ದೂರು ಬರೆಯೋ ಚೀಟಿ. ಇದನ್ನ ನಾನೇ ಕೊಂಡು, ನಾನೇ ಅಂಟಿಸ್ಬೇಕು." ಅವರು ನಗುತ್ತಲೇ ಅದನ್ನು ಅವಳ ಅಂಗೈಯಲ್ಲಿಟ್ಟರು. "ನನಗೆ ಬೇಡ. ಈ ಬೀದೀಲಿ ಯಾರಿಗೂ ಬೇಡ. ಬೇಜಾರು ಮಾಡ್ಕೋಬೇಡಿ."

ಇಬ್ಬರೂ ಬಸ್ ಸ್ಟಾಪಿಗೆ ನಡೆದರು. ಕಾಲು ಮರಗಟ್ಟಿತ್ತು. ಸ್ಟಾಪಿನ ಕಬ್ಬಿಣದ ಬೆಂಚಿನ ಮೇಲೆ ಕೂತು ಶೂ ಬಿಚ್ಚಿ ಬೆರಳು ತಿಕ್ಕಿಕೊಂಡಳು.

"ಅವರು ಹೇಳಿದ್ದು ನಿಜ," ಎಂದ ಅವನು.

"ಸಮಾಧಾನ ಹೇಳೋಕೆ ಬರಲ್ವಾ ನಿಮಗೆ?"

"ಬರತ್ತೆ. ಈಗ ಹೇಳಿದ್ರೆ ಸುಳ್ಳಾಗತ್ತೆ."

"ನೀನು ಸ್ವಲ್ಪ ಹೊತ್ತು ಸುಮ್ನಿರ್ತೀಯಾ?"

ಅವನು ಸುಮ್ಮನಾದ. ತುಂಬಾ ಹೊತ್ತಾದ ಮೇಲೆ ಅವಳಿಗೆ ತಾನು ಏನಂದೆ ಎಂಬುದು ಹೊಳೆಯಿತು. ಓರೆಗಣ್ಣಿನಿಂದ ನೋಡಿದಳು. ಅವನು ರಸ್ತೆ ನೋಡುತ್ತಿದ್ದ, ಆದರೆ ತುಟಿಯ ಒಂದು ಅಂಚು ಮೇಲಕ್ಕೆ ಹೋಗಿತ್ತು.

"ಏನು ನಗು?"

"ಮೂವತ್ತನಾಲ್ಕು ಜನ ಆಗಬೇಕಾಯ್ತು, ನೀನು ಅನ್ನೋಕೆ."

"ಬಾಯಿ ತಪ್ಪಿ ಬಂತು."

"ವಾಪಸ್ ತಗೋಬೇಡ ಮತ್ತೆ. ನನಗೂ ಬಹುವಚನ ಹಿಡ್ಕೊಂಡು ಓಡಾಡಿ ಸಾಕಾಗಿದೆ."

ಅದಾದ ಮೇಲೆ ಮಾತು ಹಗುರಾಯಿತು, ಕೆಲಸ ಭಾರವಾಯಿತು. ನಲವತ್ತು, ಐವತ್ತು, ಅರವತ್ತು. ಯಾರನ್ನು ಕೇಳಿದರೂ ಮ್ಯಾನೇಜರ್ ಹೇಳಿದ್ದೇ ಬೇರೆ ಬೇರೆ ಬಾಯಲ್ಲಿ ಬರುತ್ತಿತ್ತು. ಆಸ್ಪತ್ರೆಯ ಸ್ಟೋರ್ ನೋಡಿಕೊಳ್ಳುವ ನರ್ಸ್‌ಗಳಿಗೆ ಮಾತ್ರ ಇಂಥದ್ದೊಂದು ಬೇಕಿತ್ತು. ಆದರೆ ಕೊಳ್ಳುವುದು ಅವರ ಕೈಯಲ್ಲಿರಲಿಲ್ಲ. ಅವನು ಇದನ್ನೆಲ್ಲ ಮುಚ್ಚುಮರೆ ಇಲ್ಲದೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಅವಳು ಅದನ್ನು ಕಂಪ್ಯೂಟರಿಗೆ ಏರಿಸುವಾಗ ಪ್ರತಿ ಸಲವೂ ಒಳಗೊಳಗೇ ಒಂದಿಷ್ಟು ಕುಸಿಯುತ್ತಿದ್ದಳು. ನಡುವೆ ಗೈಡ್ ಬೇರೆ, "ನಿನ್ನ ಐದನೇ ಅಧ್ಯಾಯ ಎಲ್ಲಿ? ವ್ಯಾಪಾರಕ್ಕೆ ಇಳಿದ್ಯಾ?" ಎಂದು ಕೇಳುತ್ತಿದ್ದರು.

ದಣಿವೆಂದರೆ ಕೈಕಾಲಿನ ನೋವು ಎಂದು ಅವಳು ತಿಳಿದಿದ್ದಳು. ಹಾಗಲ್ಲ. ಬೆಳಗ್ಗೆ ಹಲ್ಲುಜ್ಜುವಾಗಲೇ ಇಡೀ ದಿನ ಮುಗಿದುಹೋದಂತೆ ಅನಿಸುತ್ತಿತ್ತು. ಅಕ್ಕ-ಭಾವನ ಮನೆಯ ಮಹಡಿ ಕೋಣೆಯಿಂದ ಇಳಿಯುವಾಗ ಮೆಟ್ಟಿಲು ಎಣಿಸುತ್ತಿದ್ದಳು. ಎಣಿಸುವಷ್ಟರಲ್ಲೇ ಸುಸ್ತು. ಹನ್ನೊಂದು ಗಂಟೆಗೆ ಹಿಂದಿನ ಗೇಟಿನಲ್ಲಿ ಅವನು ನಿಂತಿರುತ್ತಾನೆ ಎಂಬುದೊಂದೇ ಅವಳನ್ನು ಅಲ್ಲಿಯವರೆಗೆ ನಡೆಸುತ್ತಿತ್ತು. ಅದನ್ನು ಅವಳು ತನಗೆ ತಾನೇ ಒಪ್ಪಿಕೊಂಡಿರಲಿಲ್ಲ. ಒಪ್ಪಿಕೊಂಡರೆ ಅದಕ್ಕೂ ಏನಾದರೂ ಮಾಡಬೇಕಾಗುತ್ತದೆ. ಮಾಡಲು ಅವಳಲ್ಲಿ ಏನೂ ಉಳಿದಿರಲಿಲ್ಲ.

ಎಂಟನೆಯ ವಾರ ತೊಂಬತ್ತೊಂದು ಆಗಿತ್ತು. ಅವನ ಅಪ್ಪನಿಗೆ ಕಣ್ಣಿನ ಆಪರೇಷನ್ ನಿಗದಿಯಾಯಿತು.

"ಐದು ದಿನ ಬರೋಕಾಗಲ್ಲ," ಎಂದ. "ಕಿವಿ ಇಲ್ಲ, ಈಗ ಕಣ್ಣಿಗೂ ಪಟ್ಟಿ. ಕೈ ಹಿಡ್ಕೊಂಡು ಕೂತಿರ್ಬೇಕು. ಒಂಬತ್ತು ಜನ ಉಳಿದಿದ್ದಾರೆ. ನಿನ್ನ ಕೈಲಿ ಆಗತ್ತಾ?"

"ಆಗತ್ತೆ. ನೀನು ಅಪ್ಪನ್ನ ನೋಡ್ಕೋ."

ಮೊದಲ ದಿನ ಅವಳಿಗೆ ಜ್ವರ ಬಂತು. ಎರಡನೆಯ ದಿನವೂ ಬಿಡಲಿಲ್ಲ. ಮೂರನೆಯ ದಿನ ಗೈಡ್ ಅಧ್ಯಾಯ ಕೇಳಿದರು. ನಾಲ್ಕನೆಯ ದಿನ ಹನ್ನೊಂದಕ್ಕೆ ಗೇಟಿನವರೆಗೆ ಹೋದಳು. ಯಾರೂ ಇರಲಿಲ್ಲ. ಬಸ್ಸು ಬಂದು ನಿಂತು ಹೋಯಿತು; ಹತ್ತಲು ಕಾಲು ಏಳಲಿಲ್ಲ. ಅಲ್ಲಿಂದ ಲೈಬ್ರರಿಗೆ ಹೋಗಿ, ಮೂಲೆಯ ಮೇಜಿನಲ್ಲಿ ಕೂತು, ಒಂಬತ್ತು ಜನರನ್ನು ತಲೆಯಿಂದ ಬರೆದಳು.

ಸುಲಭವಾಗಿಯೇ ಬಂತು. ತೊಂಬತ್ತೊಂದು ಜನ ಹೇಳಿದ್ದು ಕಿವಿಯಲ್ಲಿತ್ತು. ಒಬ್ಬ ಗೋದಾಮಿನವನು, ಒಬ್ಬ ಔಷಧಿ ಅಂಗಡಿಯವನು, ಒಬ್ಬ ಅಡುಗೆಯವಳು. ನಾಲ್ಕು ನಾಲ್ಕು ಸಾಲು. ತೊಂಬತ್ತೇಳಕ್ಕೆ ಬಂದಾಗ ಮಾತ್ರ ಕೈ ನಿಲ್ಲಲಿಲ್ಲ. ಎರಡು ಪುಟ ತುಂಬಿತು. ತಿದ್ದಲಿಲ್ಲ, ಓದಲೂ ಇಲ್ಲ. ಕಳಿಸಿ, ಮನೆಗೆ ಹೋಗಿ ಮಲಗಿದಳು.

ಒಂಬತ್ತನೆಯ ಶನಿವಾರ ಅವನು ತರಗತಿಗೆ ಬಂದಾಗ ಕಣ್ಣು ಕೆಂಪಗಿತ್ತು. ಅವಳ ಪಕ್ಕ ಕೂತು, "ಜ್ವರ ಅಂತ ಹೇಳ್ಲೇ ಇಲ್ವಲ್ಲ," ಎಂದ.

"ನಿನಗ್ಯಾರು ಹೇಳಿದ್ರು?"

"ಮುಖ."

ಪಂಪ್ ಮೇಡಂ ಬಂದರು. ಕೈಯಲ್ಲಿ ಎರಡು ಹಾಳೆ ಇತ್ತು.

"ಎಂಟು ವಾರದಿಂದ ನಿಮ್ಮ ವರದಿ ಓದ್ತಾ ಇದೀನಿ. ಬೇಜಾರು ಬಂದುಹೋಗಿದೆ. ಎಲ್ಲರೂ ಗ್ರಾಹಕರು ಗ್ರಾಹಕರು ಅಂತ ಬರೀತೀರ, ಅದರಲ್ಲಿ ಮನುಷ್ಯರೇ ಇರಲ್ಲ. ಇದೊಂದು ಬೇರೆ ಥರ ಇದೆ. ಕೇಳಿ. ಚೀಟಿ ತಂಡದ ತೊಂಬತ್ತೇಳನೇ ಸಂದರ್ಶನ."

ಪಂಪ್ ಮೇಡಂ ಕನ್ನಡಕ ಏರಿಸಿಕೊಂಡು ಓದತೊಡಗಿದರು.

"‘ಶೀತಲಗೃಹದಲ್ಲಿ ಎರಡು ಗಂಟೆಗೊಮ್ಮೆ ಉಷ್ಣಾಂಶ ಬರೆದಿಡುವ ಹೆಂಗಸು. ವಯಸ್ಸು ಕೇಳಿದರೆ ಮರೆತಿದೆ ಎಂದರು. ಅವರು ಹೇಳಿದ್ದು: ನಾನು ದಿನವಿಡೀ ಯಾವುದೋ ಸರಕು ಬೆಚ್ಚಗಾಗದ ಹಾಗೆ ಕಾಯ್ತೀನಿ. ನಾನು ಬೆಚ್ಚಗಿದ್ದೀನಾ ಅಂತ ಯಾರೂ ಬರೆದಿಡಲ್ಲ. ಒಬ್ಬ ಡ್ರೈವರ್ ಬರ್ತಾನೆ. ಬಂದವನು ಬಾಗಿಲ ಸಂದಿಗೆ ಬೆನ್ನು ಕೊಟ್ಟು ನಿಲ್ತಾನೆ, ಗಾಳಿ ನನ್ನ ಕಡೆ ಬರಬಾರದು ಅಂತ. ಮಾತಾಡಿದ್ರೆ ಪೂರ್ತಿ ಮುಖ ತಿರುಗಿಸಿ ಮಾತಾಡ್ತಾನೆ, ಕಿವಿ ಕೇಳಿಸದವರ ಹತ್ರ ಮಾತಾಡೋ ಹಾಗೆ. ಸರಕು ಕೆಟ್ಟಿದ್ರೆ ಕೆಟ್ಟಿದೆ ಅಂತಾನೆ. ನನಗೆ ಬೇಜಾರಾಗತ್ತೆ ಅಂತ ಗೊತ್ತಿದ್ರೂ ಅಂತಾನೆ. ನನಗೆ ಯಾವ ಚೀಟಿಯೂ ಬೇಡಮ್ಮ, ಅವನ ಮಾತು ಸಾಕು. ಅವನು ಐದು ದಿನ ಬರಲಿಲ್ಲ ಅಂದ್ರೆ ಈ ಬಾಗಿಲು ತೆಗೆಯೋಕೂ ಮನಸ್ಸಾಗಲ್ಲ. ಇದನ್ನೆಲ್ಲ ಅವನಿಗೆ ಹೇಳಿದೀರಾ ಅಂತ ಕೇಳಿದೆ. ಇಲ್ಲ ಅಂದರು. ಹೇಳೋಕೂ ಶಕ್ತಿ ಬೇಕಲ್ಲ ಅಂದರು.’"

ಪಂಪ್ ಮೇಡಂ ಹಾಳೆ ಮಡಿಸಿದರು. "ಈ ಹೆಂಗಸನ್ನ ನಾನು ನೋಡ್ಬೇಕು. ಮುಂದಿನ ಶನಿವಾರ ಕೊನೇ ದಿನ ಕರ್ಕೊಂಡು ಬನ್ನಿ."

ಅವಳು ಮೇಜಿನ ಮೇಲಿನ ಒಂದು ಗೀರನ್ನೇ ನೋಡುತ್ತಿದ್ದಳು. ಪಕ್ಕಕ್ಕೆ ತಿರುಗುವ ಧೈರ್ಯವಾಗಲಿಲ್ಲ. ಅವನ ಪೆನ್ನು ಚಲಿಸುವುದು ನಿಂತಿತ್ತು.

ತರಗತಿ ಬಿಟ್ಟ ಮೇಲೆ ಮೆಟ್ಟಿಲ ತಿರುವಿನಲ್ಲಿ ಅವನು ಕಾದಿದ್ದ.

"ಆ ಶೀತಲಗೃಹ ಎಲ್ಲಿದೆ?" ಎಂದು ಕೇಳಿದ.

"ಎಲ್ಲೂ ಇಲ್ಲ."

"ಉಳಿದ ಎಂಟು?"

"ಅವೂ ಇಲ್ಲ. ಲೈಬ್ರರಿಯಲ್ಲಿ ಕೂತು ಬರೆದೆ." ಗೋಡೆಗೆ ಒರಗಿದಳು. "ಬೈಯೋದಿದ್ರೆ ಬೈದುಬಿಡು. ನಿಂತು ಕೇಳೋಷ್ಟು ಶಕ್ತಿ ಇದೆ, ವಾದ ಮಾಡೋಷ್ಟು ಇಲ್ಲ."

ಅವನು ಬೈಯಲಿಲ್ಲ. "ತೊಂಬತ್ತೊಂದು ಜನ ನಮಗೆ ಟೈಮ್ ಕೊಟ್ಟು ನಿಜ ಹೇಳಿದ್ರು," ಎಂದ. "ಅವರ ಸಾಲಲ್ಲಿ ಈ ಒಂಬತ್ತು ಇರಬಾರದು."

"ಗೊತ್ತು. ಸೋಮವಾರ ಮೇಡಂಗೆ ಹೇಳ್ತೀನಿ. ನೀನು ಬರಬೇಡ, ತಪ್ಪು ನಂದು."

ಅವನು ತಲೆಯಾಡಿಸಿ ಇಳಿದುಹೋದ. ಡ್ರೈವರ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೊದಲ ಸಲ ಅವನು ಮುಖ ತಿರುಗಿಸಿಕೊಂಡು ಹೋದದ್ದು ಅವಳಿಗೆ ಒಂಬತ್ತು ಸುಳ್ಳಿಗಿಂತ ಹೆಚ್ಚು ಚುಚ್ಚಿತು.

ಸೋಮವಾರ ಪಂಪ್ ಮೇಡಂ ಅವಳ ಮಾತನ್ನು ಪೂರ್ತಿ ಕೇಳಿದರು. ಬಹಳ ಹೊತ್ತು ಕನ್ನಡಕ ಒರೆಸಿದರು.

"ಸ್ಪರ್ಧೆಯಲ್ಲಿ ಜಾಗ ಇಲ್ಲ," ಎಂದರು. "ಅದರ ಬಗ್ಗೆ ಮಾತೇ ಬೇಡ. ಆದ್ರೆ ಹತ್ತು ನಿಮಿಷ ಕೊಡ್ತೀನಿ. ನಿಂತು ತೊಂಬತ್ತೊಂದು ಅಂತ ಹೇಳಿ, ಅವರೇನು ಹೇಳಿದ್ರೋ ಅದನ್ನ ಹೇಳಿ ಇಳೀಬೇಕು. ನಾನೂ ಒಮ್ಮೆ ಪರೀಕ್ಷೆ ಮಾಡದ ಪಂಪಿಗೆ ಮಾಡಿದೆ ಅಂತ ಸೀಲ್ ಹೊಡೆದಿದ್ದೆ. ಎಂಟು ವರ್ಷ ಯಾರಿಗೂ ಹೇಳಲಿಲ್ಲ. ನೀವು ಒಂದು ವಾರದೊಳಗೇ ಬಂದಿರಿ." ಅವಳು ಬಾಗಿಲು ದಾಟುವಾಗ ಕೇಳಿದರು, "ಆ ಡ್ರೈವರೂ ಸುಳ್ಳಾ?"

"ಅಲ್ಲ ಮೇಡಂ."

"ಅದೇ ಅನ್ಕೊಂಡೆ."

ಆ ವಾರ ಹಿಂದಿನ ಗೇಟಿಗೆ ಹೋಗುವ ಕೆಲಸವಿರಲಿಲ್ಲ. ಅವಳು ಸ್ಲೈಡ್ ಮಾಡಿ ಕಳಿಸಿದರೆ ಅವನು ಸರಿ ಎಂದಷ್ಟೇ ಉತ್ತರ ಬರೆಯುತ್ತಿದ್ದ. ಶುಕ್ರವಾರ ಬೆಳಗ್ಗೆ ಅಕ್ಕ ಡ್ಯೂಟಿಯಿಂದ ಬಂದು, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಹೇಳಿದಳು:

"ನಿನ್ನೆ ನೀನು ಲ್ಯಾಬಿಗೆ ಹೋದ ಮೇಲೆ ಒಬ್ಬ ಬಂದಿದ್ದ ಕಣೇ. ನೋಟ್‌ಬುಕ್ ಹಿಡ್ಕೊಂಡು."

"ಯಾರು?"

"ಹೆಸರು ಕೇಳಿದ್ರೆ ಬೇರಿಂಗ್ ಅಂತಾನೆ. ನಿಮ್ಮ ತಂಗಿ ಬೆಳಗ್ಗೆ ಏನು ತಿಂತಾಳೆ, ಎಷ್ಟು ಹೊತ್ತು ನಿದ್ದೆ ಮಾಡ್ತಾಳೆ, ಯಾವುದಕ್ಕೆ ನಗ್ತಾಳೆ, ಬೇಜಾರಾದ್ರೆ ಏನು ಮಾಡ್ತಾಳೆ ಅಂತ ಒಂದಾದ ಮೇಲೆ ಒಂದು ಕೇಳ್ದ. ನಿಮ್ಮ ಭಾವ ಪೇಪರ್ ಕೆಳಗಿಟ್ಟು, ಏನಪ್ಪಾ ಮಾರೋಕೆ ಬಂದಿದೀಯ ಅಂದ್ರು."

"ಅದಕ್ಕೆ?"

"ಇನ್ನೂ ಏನೂ ಹೇಳೋ ಹಾಗಿಲ್ಲ, ಮೊದಲು ಕೇಳ್ಬೇಕು, ಅದೇ ನಿಯಮ ಅಂದ." ಅಕ್ಕ ಬ್ರೆಡ್ ಅವಳ ತಟ್ಟೆಗೆ ಹಾಕಿದಳು. "ಒಳ್ಳೇ ಹುಡುಗ. ಮಾತಾಡೋವಾಗ ನೆಟ್ಟಗೆ ಮುಖ ನೋಡ್ತಾನೆ. ಎದ್ದು ಹೋಗೋವಾಗ ನಮ್ಮ ಮಿಕ್ಸಿ ಬೇರೆ ಸರಿಮಾಡಿದ. ತಿನ್ನು, ಬಾಯಿ ತೆಗೆದು ಕೂರಬೇಡ."

ಕೊನೆಯ ಶನಿವಾರ ಸಭಾಂಗಣ ತುಂಬಿತ್ತು. ಹೂಡಿಕೆ ಮಾಡುವವರು ಮುಂದಿನ ಸಾಲಿನಲ್ಲಿದ್ದರು. ಅವಳ ಗೈಡ್ ಹಿಂದೆ, ಕೈಕಟ್ಟಿ ಕೂತಿದ್ದರು. ವೇದಿಕೆ ಹತ್ತುವ ಮುಂಚೆ ಅವನು, "ನಾನು ಹೇಳ್ಲಾ?" ಎಂದ. "ಬೇಡ, ನಾನೇ," ಎಂದಳು.

"ನಮ್ಮ ವರದಿಯಲ್ಲಿ ನೂರು ಅಂತ ಇತ್ತು. ಮಾತಾಡಿಸಿದ್ದು ತೊಂಬತ್ತೊಂದು ಜನರನ್ನ. ಒಂಬತ್ತು ನಾನು ಕೂತು ಬರೆದದ್ದು. ಅದಕ್ಕೇ ನಾವು ಸ್ಪರ್ಧೆಯಲ್ಲಿಲ್ಲ. ಆದ್ರೆ ತೊಂಬತ್ತೊಂದು ಜನ ಹೇಳಿದ್ದನ್ನ ನಿಮಗೆ ಹೇಳ್ಬೇಕು." ಒಂದು ಗುಟುಕು ನೀರು ಕುಡಿದಳು. "ನಮ್ಮ ಚೀಟಿ ಕೆಲಸ ಮಾಡತ್ತೆ. ಆದ್ರೆ ಇದನ್ನ ಯಾರು ಕೊಳ್ಳಬೇಕೋ ಅವರಿಗೆ ಇದು ಹೇಳೋ ಸುದ್ದಿ ಬೇಡ. ಯಾರಿಗೆ ಆ ಸುದ್ದಿ ಬೇಕೋ ಅವರ ಕೈಯಲ್ಲಿ ಕೊಳ್ಳೋ ಅಧಿಕಾರ ಇಲ್ಲ. ಇದು ಬದಲಾಗೋವರೆಗೆ ಕಂಪನಿ ಮಾಡಿ ಪ್ರಯೋಜನ ಇಲ್ಲ. ನಾವು ಮಾಡಲ್ಲ."

ಮುಂದಿನ ಸಾಲಿನಿಂದ ಒಬ್ಬರು ಕೇಳಿದರು, "ಆರು ವರ್ಷ ವ್ಯರ್ಥ ಆಯ್ತು ಅನಿಸಲ್ವಾ?"

"ಅನಿಸತ್ತೆ ಸರ್. ಎಲ್ಲಾ ದಿನ ಅಲ್ಲ."

ಚಪ್ಪಾಳೆ ಅಷ್ಟೇನೂ ಬೀಳಲಿಲ್ಲ. ಇಳಿದು ಬರುವಾಗ ಗೈಡ್ ಅವಳನ್ನು ತಡೆದು ನಿಲ್ಲಿಸಿದರು. "ಈಗ ಹೇಳಿದ್ದನ್ನೇ ಕೊನೇ ಅಧ್ಯಾಯಕ್ಕೆ ಹಾಕು. ಇಷ್ಟು ಸ್ಪಷ್ಟವಾಗಿ ನೀನು ಆರು ವರ್ಷದಲ್ಲಿ ಒಂದು ಪ್ಯಾರಾನೂ ಬರೆದಿಲ್ಲ," ಎಂದು ಹೋದರು.

ಹೊರಗೆ ಸಭಾಂಗಣದ ಪಕ್ಕದ ಮೆಟ್ಟಿಲುಗಳ ಮೇಲೆ ಬಿಸಿಲಿತ್ತು. ಇಬ್ಬರೂ ಕೂತರು. ಒಳಗೆ ಬೇರೆ ಯಾವುದೋ ತಂಡಕ್ಕೆ ಜೋರಾಗಿ ಚಪ್ಪಾಳೆ ಬಿತ್ತು.

"ನಮ್ಮ ಮನೆಗೆ ಹೋಗಿದ್ದೆಯಂತೆ," ಎಂದಳು.

"ಹೂಂ."

"ಅವತ್ತು ಮೆಟ್ಟಿಲ ಹತ್ರ ಒಂದು ಮಾತೂ ಆಡದೆ ಹೋದೆ. ನನಗೆ ಎಷ್ಟು..." ಅವಳು ಮುಗಿಸಲಿಲ್ಲ.

"ಸಿಟ್ಟಿತ್ತು. ಬರೆದದ್ದಕ್ಕಲ್ಲ." ಅವನು ಅವಳ ಕಡೆ ಪೂರ್ತಿ ತಿರುಗಿದ. "ಅಷ್ಟು ದಿನ ಪಕ್ಕದಲ್ಲೇ ಕೂತಿದ್ದೆ. ನಿನ್ನ ಮನಸ್ಸಿನಲ್ಲಿರೋದು ಇಲ್ಲದ ಒಬ್ಬ ಹೆಂಗಸಿನ ಬಾಯಿಂದ, ಇಪ್ಪತ್ತು ಜನರ ಎದುರು ಕೇಳ್ಬೇಕಾಯ್ತು. ಜ್ವರ ಬಂದದ್ದೂ ಹೇಳಿರ್ಲಿಲ್ಲ. ಅದೆಲ್ಲ ನನಗೆ ಮೊದಲೇ ಗೊತ್ತಾಗ್ಬೇಕಿತ್ತು ಅಂತ ನನ್ನ ಮೇಲೇ ಸಿಟ್ಟು ಬಂತು. ಮೆಷಿನ್ ಒಳಗಿನ ಸಣ್ಣ ಸದ್ದೂ ಕೇಳಿಸತ್ತೆ ಅಂತ ಓಡಾಡೋನು ನಾನು."

"ನಾನು ಸದ್ದು ಮಾಡಲಿಲ್ಲ."

"ಮಾಡಿದ್ದೆ. ನಾನು ಸುಸ್ತು ಅಂದ್ಕೊಂಡೆ."

"ಸುಸ್ತೂ ಇತ್ತು."

ಅವನು ನಕ್ಕ. ಆಮೇಲೆ ನಗು ಇಳಿದುಹೋಯಿತು. "ನನಗೆ ಚೆಂದಾಗಿ ಹೇಳೋಕೆ ಬರಲ್ಲ. ಹಿಂದಿನ ಗೇಟಿನಲ್ಲಿ ನಾನು ಹತ್ತೂಮುಕ್ಕಾಲಿಗೇ ಬಂದು ನಿಂತಿರ್ತಿದ್ದೆ, ಮೊದಲ ವಾರದಿಂದ. ಅಪ್ಪನ ಪಕ್ಕ ಆಸ್ಪತ್ರೆಯಲ್ಲಿ ಕೂತಾಗ ಅವರ ಅಂಗೈ ಮೇಲೆ ಬೆರಳಿಂದ ಬರೆದು ಮಾತಾಡ್ಬೇಕಿತ್ತು. ಏನಪ್ಪಾ ಯೋಚನೆ ಅಂತ ಕೇಳಿದ್ರು. ನಿನ್ನ ಬಗ್ಗೆ ಬರೆದೆ. ಮೂರು ಸಲ ಬರೆಸಿದ್ರು, ಸರಿಯಾಗಿ ಓದಿದ್ನಾ ಅಂತ."

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಎತ್ತಲಿಲ್ಲ.

"ನಿನ್ನ ದಣಿವು ಕಳೀತೀನಿ ಅಂತ ಹೇಳಲ್ಲ," ಎಂದ ಅವನು. "ಸುಳ್ಳಾಗತ್ತೆ. ನನ್ನ ಥೀಸಿಸ್ ಇನ್ನೂ ಅರ್ಧ ಇದೆ, ಅಪ್ಪ ಇದ್ದಾರೆ, ಕೆಲಸ ಇಲ್ಲ. ಜೊತೆಗೆ ದಣೀತೀನಿ. ಅಷ್ಟು ಸಾಕಾ?"

ಅವಳು ಉತ್ತರಕ್ಕೆ ಅವನ ಹೆಗಲಿಗೆ ತಲೆ ಒರಗಿಸಿದಳು. ಅವನ ಅಂಗಿ ಬಿಸಿಲಿಗೆ ಬೆಚ್ಚಗಿತ್ತು.

"ಬಾಯಿಬಿಟ್ಟು ಹೇಳು. ನನಗೆ ಮುಖ ಕಾಣ್ತಿಲ್ಲ."

"ಸಾಕು," ಎಂದಳು.

ಮುಂದಿನದು ಬೇಗ ಬೇಗ ಆಗಲಿಲ್ಲ. ಅವಳ ಥೀಸಿಸ್ ಮುಗಿಯಲು ಏಳು ತಿಂಗಳು ಹಿಡಿಯಿತು, ಅವನದಕ್ಕೆ ಹನ್ನೊಂದು. ಅಕ್ಕನ ಆಸ್ಪತ್ರೆಯ ಔಷಧಿ ಸ್ಟೋರಿನಲ್ಲಿ ಗುಣಮಟ್ಟ ನೋಡುವ ಕೆಲಸ ಅವಳಿಗೆ ಸಿಕ್ಕಿತು. ಸಣ್ಣ ಕೆಲಸ, ಆದರೆ ಅಲ್ಲಿ ಕೊಳ್ಳುವ ಪಟ್ಟಿಗೆ ಸಹಿ ಹಾಕುವವಳು ಅವಳೇ. ಅವನಿಗೆ ಪಂಪ್ ಮೇಡಂ ಮಗಳ ಕಾರ್ಖಾನೆಯಲ್ಲಿ ಮೆಷಿನ್ನುಗಳ ಸದ್ದು ಕೇಳುವ ಕೆಲಸ.

ಒಂದು ಗುರುವಾರ ಬೆಳಗ್ಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಯಿತು. ಅಕ್ಕ, ಭಾವ, ಪಂಪ್ ಮೇಡಂ ಸಾಕ್ಷಿ. ಅವನ ಅಪ್ಪ, ಕಿವಿ ಕೇಳಿಸದವರು ಮಾತಾಡುವ ಹಾಗೆ ಇಡೀ ಕಚೇರಿಗೆ ಕೇಳುವಂತೆ, "ಇನ್ನು ಮುಂದೆ ನೀನೂ ಅಪ್ಪ ಅಂತಲೇ ಕರೀಬೇಕು ಕಣಮ್ಮ," ಎಂದರು. ಗುಮಾಸ್ತ ಕೂಡ ತಲೆ ಎತ್ತಿ ನಕ್ಕ. ಹನ್ನೆರಡರ ಹೊತ್ತಿಗೆ ಅಕ್ಕ ಡ್ಯೂಟಿಗೆ ಹೊರಟಳು. ಭಾವ ಅಪ್ಪನನ್ನು ಒಂದೆರಡು ದಿನಕ್ಕೆ ತಮ್ಮ ಮನೆಗೆ ಕರೆದುಕೊಂಡು ಹೋದರು.

ಇವರಿಬ್ಬರೂ ಹೊಸದಾಗಿ ಬಾಡಿಗೆಗೆ ಹಿಡಿದ ಮನೆಗೆ ಬಂದರು. ಮೂರು ಕೋಣೆ. ಪಾತ್ರೆಗಳು ಇನ್ನೂ ಡಬ್ಬದಲ್ಲೇ ಇದ್ದವು, ಪುಸ್ತಕಗಳು ಗೋಣಿಚೀಲದಲ್ಲಿ. ಹಾಸಿಗೆ ನೆಲದ ಮೇಲಿತ್ತು. ಸ್ವಲ್ಪ ಹೊತ್ತು ಬೆನ್ನು ನೇರ ಮಾಡಿಕೊಳ್ಳೋಣ, ಆಮೇಲೆ ಮನೆ ಜೋಡಿಸೋಣ ಎಂದುಕೊಂಡು ಒರಗಿದರು.

ಅವಳಿಗೆ ಎಚ್ಚರವಾದಾಗ ಕಿಟಕಿಯ ಬಿಸಿಲು ಗೋಡೆಯ ಇನ್ನೊಂದು ಮಗ್ಗುಲಿಗೆ ಹೋಗಿತ್ತು. ಅವನ ಕೈ ಅವಳ ಮಣಿಕಟ್ಟಿನ ಮೇಲಿತ್ತು. ಎಷ್ಟು ಹೊತ್ತಾಯಿತೆಂದು ತಿಳಿಯಲಿಲ್ಲ. ಎಂದಿನಂತೆ ಎದೆಯೊಳಗೆ ಏನೋ ಬಾಕಿಯಿದೆ ಎಂಬ ಗಾಬರಿ ಎದ್ದಿತು. ಅವಳು ಹುಡುಕಿದಳು. ಏನೂ ಸಿಗಲಿಲ್ಲ.

ಅವನು ಅರೆಗಣ್ಣು ತೆರೆದ. "ಎದ್ದೇಳಬೇಕಾ?"

"ಇಲ್ಲ."

"ಯಾರಾದ್ರೂ ಕಾಯ್ತಿದಾರಾ?"

"ಇಲ್ಲ."

"ಹಾಗಾದ್ರೆ ಮಲಗು," ಎಂದು ಅವನು ಹೊದಿಕೆಯನ್ನು ಅವಳ ಹೆಗಲಿನವರೆಗೆ ಎಳೆದ. ಅವಳು ಮಲಗಿದಳು.